ಚಿಗರಿ ಮೂಗೆತ್ತಿದಾಗ

ಕಾಡು ಜಾತಿಯ ಕುರಿಗಳ ಬೆದೆಗಾಲದ ಚಿತ್ರ ತೆಗೆಯಬೇಕೆಂದರೆ ಲಡಾಖಿನ ಕಡೆಗೆ ಹೋಗಬೇಕು. ಕೊಟ್ಟೂರಿನವನಾದ ನನಗೆ ಹರಪನಹಳ್ಳಿ, ಹರಿಹರ ದಾಟಿದರೆ ರಾಣೆಬೆನ್ನೂರು ಸಿಗುತ್ತದೆ, ಅಲ್ಲಿ ಚಿಗರಿಗಳಿವೆ. ಚಿಗರಿ ಎಂದರೆ ಕೃಷ್ಣಮೃಗ, ಅದು ಕುರಿಯ ಜಾತಿಯಲ್ಲ, ಹುಲ್ಲೆಯ ಜಾತಿ. ಆದರೂ ಅದರ ಬೆದೆಯ ಗುರುತು ನನಗೆ ಹತ್ತಿದ್ದು ನಮ್ಮೂರ ಕುರಿಮಂದೆಗಳ ಹಿಂದೆ ತಿರುಗಾಡಿಯೇ. ಟಗರು ಕುರಿಯ ಉಚ್ಚೆ ಮೂಸಿ, ಮುಖ ಮೇಲೆತ್ತಿ, ಮೇಲ್ತುಟಿ ಮಡಚಿ ನಿಲ್ಲುತ್ತದಲ್ಲ, ಗಂಡು ಚಿಗರಿಯೂ ಹಾಗೇ ಮಾಡುತ್ತದೆ.

ಒಬ್ಬ ಕುರಿಗಾಹಿ ಅಜ್ಜ ಹೇಳಿದ್ದ: “ತಮ್ಮಾ, ಟಗರು ಯಾಕ ನೋಡ್ತಿ? ಬೆದಿಗೆ ಬಂದ ಕುರಿ ನೋಡು. ಅದು ಇದ್ದಲ್ಲಿಗೆ ಟಗರು ಬಂದ ಬರ್ತೈತಿ.” ಮಂದೆಯ ಮಟ್ಟಿಗೆ ನಿಜ. ಚಿಗರಿಗೆ ಮಾತ್ರ ಇದು ತಿರುಗುಮುರುಗು. ಬೆದೆಗೆ ಬಂದ ಗಂಡು ಒಂದು ಜಾಗ ಹಿಡಿದು ಕೂರುತ್ತದೆ. ಹೆಣ್ಣುಗಳೇ ಅಲ್ಲಿಗೆ ಬರಬೇಕು. ಗಂಡು ಒಂದೇ ಕಡೆ ಮತ್ತೆ ಮತ್ತೆ ಹಿಕ್ಕೆ ಹಾಕಿ ಗುಡ್ಡೆ ಮಾಡುತ್ತದೆ, ಕಣ್ಣಿನ ಬಳಿಯ ಗ್ರಂಥಿಯನ್ನು ಹುಲ್ಲುಕಡ್ಡಿಗೆ ಉಜ್ಜಿ ವಾಸನೆ ಬಿಡುತ್ತದೆ. ಹಾಗಾಗಿ ಪ್ರಾಣಿಯ ಬೆನ್ನು ಹತ್ತುವ ಬದಲು ಹಿಕ್ಕೆಯ ಗುಡ್ಡೆ ಹುಡುಕಿ, ಗಾಳಿಗೆ ಎದುರಾಗಿ, ದೂರದಲ್ಲಿ ಕೂತರೆ ಕೆಲಸ ಅರ್ಧ ಆದಂತೆ.

ಚಿಗರಿ ವರ್ಷವಿಡೀ ಕೂಡುತ್ತದೆ, ಆದರೆ ನಮ್ಮೂರ ಕೊಟ್ಟೂರೇಶ್ವರನ ತೇರು ಎಳೆದ ಮೇಲಿನ ಬೇಸಿಗೆಯಲ್ಲಿ ಮತ್ತು ಮಳೆಗಾಲದ ಕೊನೆಯಲ್ಲಿ ಸಡಗರ ಜಾಸ್ತಿ. ಹೆಣ್ಣು ಹತ್ತಿರ ಬಂತೆಂದರೆ ಗಂಡು ಮೂಗನ್ನು ಆಕಾಶಕ್ಕೆ ಎತ್ತುತ್ತದೆ, ಕೋಡು ಹಿಂದಕ್ಕೆ ವಾಲಿ ಬೆನ್ನಿಗೆ ತಾಗುವಂತಾಗುತ್ತದೆ, ಬಾಲ ಮೇಲಕ್ಕೆ ಸುರುಳಿಯಾಗುತ್ತದೆ. ಗೊರಗೊರ ಸದ್ದು ಮಾಡುತ್ತ ಹೆಜ್ಜೆ ಎತ್ತಿ ಎತ್ತಿ ಇಡುತ್ತದೆ, ಮದುವೆ ಮೆರವಣಿಗೆಯ ಕುದುರೆಯ ಹಾಗೆ. ಇದನ್ನು ಎದುರಿನಿಂದ ತೆಗೆದರೆ ಕೋಡೇ ಕಾಣುವುದಿಲ್ಲ. ಪಕ್ಕದಿಂದ, ನೆಲಮಟ್ಟದಿಂದ ತೆಗೆಯಬೇಕು.

ಎಲ್ಲರಿಗೂ ಬೇಕಿರುವುದು ಧೂಳೆಬ್ಬಿಸುವ ಕಾದಾಟ. ಟಗರಿನ ಕಾಳಗ ನೋಡಿ ಬೆಳೆದ ನಮ್ಮ ಸೀಮೆಯವರಿಗಂತೂ ಅದರ ಹುಚ್ಚು. ನನಗೆ ಹಿಡಿಸುವುದು ಅದಕ್ಕೂ ಮುಂಚಿನದು: ಎರಡು ಗಂಡುಗಳು ಗಡಿಯ ಗುಂಟ ಒಂದರ ಪಕ್ಕ ಒಂದು ನಡೆಯುತ್ತ ಪರಸ್ಪರ ತೂಗಿ ನೋಡುವುದು. ಬಹಳ ಸಲ ಜಗಳ ಅಲ್ಲಿಗೇ ತೀರುತ್ತದೆ.

ಕಪ್ಪು ಮೈ, ಬಿಳಿ ಹೊಟ್ಟೆ ಕ್ಯಾಮೆರಾವನ್ನು ಏಮಾರಿಸುತ್ತವೆ. ಕಪ್ಪು ನೋಡಿ ಅದು ಬೆಳಕು ಹೆಚ್ಚಿಸುತ್ತದೆ, ಬಿಳಿ ಸುಟ್ಟುಹೋಗುತ್ತದೆ. ಎಕ್ಸ್‌ಪೋಶರ್ ಸ್ವಲ್ಪ ಇಳಿಸಬೇಕು. ಬಿಸಿಲೇರಿದ ಮೇಲೆ ನೆಲದ ಕಾವು ಚಿತ್ರವನ್ನು ಕದಡುತ್ತದೆ, ಎಷ್ಟು ದುಬಾರಿ ಲೆನ್ಸಾದರೂ ಅಷ್ಟೇ.

ರಾಣೆಬೆನ್ನೂರಿನ ದೊಡ್ಡ ತಲೆನೋವು ನೀಲಗಿರಿ ಮರ. 1974ರಲ್ಲಿ ಅಭಯಾರಣ್ಯವಾದ 119 ಚದರ ಕಿ.ಮೀ.ಯ ಬಹುಭಾಗ ನೆಡುತೋಪು. ಬಯಲ ಪ್ರಾಣಿಯ ತಲೆಯ ಹಿಂದೆ ಸಾಲು ಸಾಲು ಕಾಂಡಗಳು ನಿಲ್ಲುತ್ತವೆ. ಚಿತ್ರ ಕೆಡುವುದು ಹೋಗಲಿ, ಬಯಲು ಸಾಲದೆ ಚಿಗರಿ ಹೊಲಕ್ಕಿಳಿಯುತ್ತದೆ. ಬೆಳೆ ಕಳೆದುಕೊಂಡ ರೈತನ ಮುಂದೆ ಕ್ಯಾಮೆರಾ ಹಿಡಿದು ಅದರ ಚೆಲುವು ಹೊಗಳಲು ನನಗೆ ಬಾಯಿ ಬರುವುದಿಲ್ಲ. ಅವನನ್ನು ಕೇಳಿಯೇ ಬದುವಿನ ಮೇಲೆ ಕೂರುತ್ತೇನೆ.

ಬೈಕಿನಲ್ಲಿ ಹತ್ತಿರ ನುಗ್ಗುವವರಿದ್ದಾರೆ. ಗಂಡು ಓಡಿದರೂ ತನ್ನ ಜಾಗಕ್ಕೆ ಮರಳೀತು. ಬೆದರಿ ಹೋದ ಹೆಣ್ಣು ಮರಳಬೇಕೆಂದೇನಿಲ್ಲ. ಬೇಸಿಗೆಯಲ್ಲಿ ಗಬ್ಬವಾದದ್ದು ಸುಮಾರು ಆರು ತಿಂಗಳಿಗೆ ಈಯುತ್ತದೆ, ಮರಿ ಮೊದಮೊದಲು ಹುಲ್ಲಿನಲ್ಲಿ ಅಡಗಿರುತ್ತದೆ. ಆ ದಿನಗಳಲ್ಲಿ ನಾನು ಹುಲ್ಲಿಗೆ ಇಳಿಯುವುದಿಲ್ಲ, ದಾರಿಯಿಂದ ಸಿಕ್ಕಷ್ಟನ್ನೇ ತೆಗೆಯುತ್ತೇನೆ.