ಕೆಲಸದ ನಡುವೆ ಬಿಡುವು ಬಿದ್ದವರ ಪಿಂಚಣಿ: ಸೇವಾವಧಿಯ ಮರುಪರಿಶೀಲನೆ

ಗ್ರಾಮ ಸಭೆಯಲ್ಲಿ ಪಿಂಚಣಿಯ ವಿಷಯ ಬಂದಾಗ ವೃದ್ಧಾಪ್ಯ ವೇತನ, ಸಂಧ್ಯಾ ಸುರಕ್ಷಾ, ವಿಧವಾ ವೇತನಗಳೇ ಚರ್ಚೆಯಾಗುತ್ತವೆ. ಇವುಗಳಿಗೆ ಫಲಾನುಭವಿಯು ವಂತಿಗೆ ಕಟ್ಟಬೇಕಾಗಿಲ್ಲ. ಆದರೆ ಗಾರ್ಮೆಂಟ್ಸ್, ಬೀಡಿ, ಗೋಡಂಬಿ ಮುಂತಾದ ಉದ್ದಿಮೆಗಳಲ್ಲಿ ದುಡಿದು ಊರಿಗೆ ಮರಳಿದ ಅನೇಕರಿಗೆ ವಂತಿಗೆಯಿಂದ ಬಂದ ಮತ್ತೊಂದು ಹಕ್ಕು ಇರುತ್ತದೆ. ಅದು 1995ರ ನವೆಂಬರ್ 16ರಿಂದ ಜಾರಿಯಲ್ಲಿರುವ ನೌಕರರ ಪಿಂಚಣಿ ಯೋಜನೆ.

ಭವಿಷ್ಯ ನಿಧಿಗೆ ಮಾಲೀಕರು ನೀಡುವ ವಂತಿಗೆಯಲ್ಲಿ ವೇತನದ ಶೇ. 8.33ರಷ್ಟು ಈ ಪಿಂಚಣಿ ನಿಧಿಗೆ ಸೇರುತ್ತದೆ. ಕನಿಷ್ಠ 10 ವರ್ಷಗಳ ಸೇವೆ ಇದ್ದವರಿಗೆ 58ನೆಯ ವಯಸ್ಸಿನಿಂದ ಮಾಸಿಕ ಪಿಂಚಣಿ ದೊರೆಯುತ್ತದೆ. ಈ 10 ವರ್ಷ ಒಂದೇ ಕಾರ್ಖಾನೆಯಲ್ಲಿ, ಬಿಡುವಿಲ್ಲದೆ ಆಗಿರಬೇಕೆಂಬ ತಿಳಿವಳಿಕೆ ತಪ್ಪು. ಹೆರಿಗೆ, ಮನೆಯವರ ಕಾಯಿಲೆ, ಕಾರ್ಖಾನೆ ಮುಚ್ಚಿದ್ದು, ಕಾರಣ ಯಾವುದೇ ಇರಲಿ, ನಡುವಿನ ಬಿಡುವು ಹಿಂದಿನ ಸೇವೆಯನ್ನು ಅಳಿಸುವುದಿಲ್ಲ. ಅದನ್ನು ಅಳಿಸುವುದು ಪಿಂಚಣಿ ನಿಧಿಯ ಹಣವನ್ನು ಹಿಂಪಡೆಯುವ ಅರ್ಜಿ.

ಒಂದು ಲೆಕ್ಕವನ್ನು ಗಮನಿಸಬಹುದು. ಮಹಿಳೆಯೊಬ್ಬರು 2014ರ ಅಕ್ಟೋಬರ್‌ನಿಂದ 2018ರ ಡಿಸೆಂಬರ್‌ವರೆಗೆ ಒಂದು ಕಾರ್ಖಾನೆಯಲ್ಲಿ ದುಡಿದು, ಅತ್ತೆಯ ಆರೈಕೆಗಾಗಿ 13 ತಿಂಗಳು ಮನೆಯಲ್ಲಿದ್ದು, 2020ರ ಫೆಬ್ರವರಿಯಿಂದ 2025ರ ಮೇ ತಿಂಗಳಲ್ಲಿ 58 ತುಂಬುವವರೆಗೆ ಇನ್ನೊಂದು ಕಾರ್ಖಾನೆಯಲ್ಲಿ ದುಡಿದರೆಂದು ಭಾವಿಸೋಣ. 4 ವರ್ಷ 3 ತಿಂಗಳಿಗೆ 5 ವರ್ಷ 4 ತಿಂಗಳು ಸೇರಿ ಒಟ್ಟು 9 ವರ್ಷ 7 ತಿಂಗಳು. ಆರು ತಿಂಗಳು ಮೀರಿದ ಭಾಗವನ್ನು ಪೂರ್ಣ ವರ್ಷವೆಂದು ಎಣಿಸುವುದರಿಂದ ಇದು 10 ವರ್ಷವಾಗುತ್ತದೆ. ಕೊನೆಯ 60 ತಿಂಗಳ ಸರಾಸರಿ ವೇತನ 11,200 ರೂಪಾಯಿ ಇದ್ದರೆ, ಅದನ್ನು 10ರಿಂದ ಗುಣಿಸಿ 70ರಿಂದ ಭಾಗಿಸಿದಾಗ ತಿಂಗಳಿಗೆ 1,600 ರೂಪಾಯಿ ಪಿಂಚಣಿ. ಇದೇ ಮಹಿಳೆ 2019ರಲ್ಲಿ ಪಿಂಚಣಿ ನಿಧಿಯನ್ನು ಹಿಂಪಡೆದಿದ್ದರೆ ಅಂದು ಕೈಗೆ ಬರುತ್ತಿದ್ದುದು ಸುಮಾರು ನಾಲ್ಕು ತಿಂಗಳ ವೇತನ ಮಾತ್ರ. ಇಂದು ಉಳಿದ ಸೇವೆ ಐದೇ ವರ್ಷ, ಮಾಸಿಕ ಪಿಂಚಣಿ ಇಲ್ಲ.

ಹಣ ತೆಗೆದವರನ್ನು ಆಕ್ಷೇಪಿಸುವುದು ಸರಿಯಲ್ಲ. ನಿಧಿ ಹಿಂಪಡೆಯುವುದಕ್ಕೆ ನಿರ್ಬಂಧ ಹೇರಿದಾಗ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಮಹಿಳೆಯರು ಬೀದಿಗಿಳಿದರು, ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಕೆಲಸ ಹೋದ ಮನೆಗೆ ಆ ಹಣದ ಅಗತ್ಯ ಅಷ್ಟಿರುತ್ತದೆ. ಆದರೆ ಭವಿಷ್ಯ ನಿಧಿಗೆ ನಮೂನೆ 19, ಪಿಂಚಣಿಗೆ ನಮೂನೆ 10-ಸಿ ಎಂದು ಅರ್ಜಿಗಳು ಬೇರೆ ಬೇರೆ. ಸೈಬರ್ ಕೇಂದ್ರಗಳಲ್ಲಿ ಎರಡನ್ನೂ ಒಟ್ಟಿಗೆ ಸಲ್ಲಿಸಿಬಿಡುವ ರೂಢಿಯೇ ಹೆಚ್ಚಿನ ಹಾನಿ ಮಾಡಿದೆ. ಭವಿಷ್ಯ ನಿಧಿಯನ್ನಷ್ಟೇ ಪಡೆದು, ನಮೂನೆ 10-ಸಿಯಲ್ಲಿ ಹಣದ ಬದಲು ಸ್ಕೀಮ್ ಸರ್ಟಿಫಿಕೇಟ್ ಕೋರಿದರೆ ಸೇವಾವಧಿ ಉಳಿಯುತ್ತದೆ. ಮುಂದೆ ಮತ್ತೆ ಕೆಲಸಕ್ಕೆ ಸೇರಿದಾಗ ಅದು ಜೊತೆಗೂಡುತ್ತದೆ.

ಇನ್ನು ಕೆಲವು ಬಿಡುವುಗಳು ಕಾಗದದ ಮೇಲಿನವು ಮಾತ್ರ. ಹಳೆಯ ಖಾತೆ ಯುಎಎನ್‌ಗೆ ಜೋಡಣೆಯಾಗಿರುವುದಿಲ್ಲ. ಕೆಲಸ ಬಿಟ್ಟ ದಿನಾಂಕ ನಮೂದಾಗಿರುವುದಿಲ್ಲ. ಕಾರ್ಖಾನೆಯಲ್ಲಿ ತಂದೆಯ ಹೆಸರಿನೊಡನೆ, ಆಧಾರ್‌ನಲ್ಲಿ ಗಂಡನ ಹೆಸರಿನೊಡನೆ ದಾಖಲಾಗಿರುತ್ತದೆ. ಸಂಬಳದಲ್ಲಿ ಕಡಿತವಾದ ಹಣ ಪಾಸ್‌ಬುಕ್‌ನಲ್ಲಿ ಕಾಣದಿದ್ದರೆ ಮಾಲೀಕರು ಜಮೆ ಮಾಡಿಲ್ಲವೆಂದೇ ಅನುಮಾನಿಸಬೇಕು. ಅಂತಹ ಬಾಕಿಯನ್ನು ವಿಚಾರಣೆ ನಡೆಸಿ ವಸೂಲು ಮಾಡುವ ಅಧಿಕಾರ ಭವಿಷ್ಯ ನಿಧಿ ಕಚೇರಿಗಿದೆ. ಹಳೆಯ ಸಂಬಳ ಚೀಟಿ, ಗುರುತಿನ ಚೀಟಿಗಳೇ ಅಲ್ಲಿ ಆಧಾರವಾಗುವುದರಿಂದ ಅವನ್ನು ಎಸೆಯದಂತೆ ತಿಳಿಸುವುದು ಅಗತ್ಯ.

ಸದಸ್ಯರು ತಮ್ಮ ವಾರ್ಡಿನಲ್ಲಿ 50 ದಾಟಿದ ಇಂತಹ ಕಾರ್ಮಿಕರನ್ನು ಗುರುತಿಸಿ, ಪಾಸ್‌ಬುಕ್ಕಿನೊಡನೆ ವರ್ಷಗಳನ್ನು ಕೂಡಿಸಿ ನೋಡುವಂತೆ ಪ್ರೇರೇಪಿಸಬಹುದು. 58ರ ನಂತರ ಸಾಮಾನ್ಯವಾಗಿ ಪಿಂಚಣಿ ನಿಧಿಗೆ ವಂತಿಗೆ ಸೇರುವುದಿಲ್ಲ. ಒಂದೆರಡು ವರ್ಷ ಕೊರತೆ ಇದ್ದವರಿಗೆ ಅದನ್ನು ತುಂಬಿಕೊಳ್ಳಲು ಅದಕ್ಕೂ ಮೊದಲೇ ತಿಳಿದಿರಬೇಕು. ದಾಖಲೆಯ ತಿದ್ದುಪಡಿಗೆ ಪ್ರತಿ ತಿಂಗಳು 27ರಂದು, ಅಂದು ರಜೆ ಇದ್ದಲ್ಲಿ ಮುಂದಿನ ಕೆಲಸದ ದಿನ, ಜಿಲ್ಲೆಯಲ್ಲಿ ನಡೆಯುವ ‘ನಿಧಿ ಆಪ್ಕೆ ನಿಕಟ್’ ಶಿಬಿರಕ್ಕೆ ಆಧಾರ್, ಬ್ಯಾಂಕ್ ಪಾಸ್‌ಬುಕ್ ಹಾಗೂ ಯುಎಎನ್ ಸಂಖ್ಯೆಯೊಂದಿಗೆ ಹಾಜರಾಗಬಹುದು.