ಆಟ ನಿಂತರೂ ತಲೆ ತಿರುಗುವುದೇಕೆ?

ಬನದ ಹುಣ್ಣಿಮೆ ಬಂತೆಂದರೆ ಬಾಗಲಕೋಟೆ, ಹುನಗುಂದ, ಇಳಕಲ್‌ ಕಡೆಯ ಮನೆಮಂದಿಯೆಲ್ಲ ಬಾದಾಮಿಯ ಬನಶಂಕರಿ ಜಾತ್ರೆಗೆ ಹೊರಡುತ್ತಾರೆ. ದೇವಿಯ ದರ್ಶನ, ನಾಟಕ, ಮಿರ್ಚಿ ಭಜಿ ಆದ ಮೇಲೆ ಮಕ್ಕಳು ತೊಟ್ಟಿಲು ಹತ್ತಲೇಬೇಕು. ಆದರೆ ನಗುತ್ತ ಹತ್ತಿದ ಮಗು ಕೆಲವೊಮ್ಮೆ ಬಿಳಚಿಕೊಂಡು ಇಳಿದು ವಾಂತಿ ಮಾಡುತ್ತದೆ. ದೃಷ್ಟಿ ತಾಗಿತೆಂದು ಅಜ್ಜಿ ಹೇಳಿದರೆ, ಅಂಜುಬುರುಕನೆಂದು ಅಣ್ಣ ನಗುತ್ತಾನೆ. ಎರಡೂ ಸರಿಯಲ್ಲ. ಕಾರಣ ಇರುವುದು ಕಿವಿಯೊಳಗೆ.

ಕಿವಿಯ ಇನ್ನೊಂದು ಕೆಲಸ

ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ತಲೆ ಯಾವ ಕಡೆ ತಿರುಗಿತೆಂದು ಮಿದುಳಿಗೆ ತಿಳಿಸುವುದು ಇವುಗಳ ಕೆಲಸ. ಕೊಡದ ನೀರನ್ನು ಗರಗರ ತಿರುಗಿಸಿ ಕೈ ತೆಗೆದರೂ ನೀರು ತುಸು ಹೊತ್ತು ಸುತ್ತುತ್ತಲೇ ಇರುತ್ತದೆಯಲ್ಲವೇ? ಗರಗರ ತಿರುಗುವ ಆಟ ನಿಂತಾಗಲೂ ಹೀಗೆಯೇ ಆಗುತ್ತದೆ. ಕಣ್ಣು 'ನಿಂತೆ' ಎನ್ನುತ್ತದೆ, ಕಿವಿ 'ಇನ್ನೂ ತಿರುಗುತ್ತಿದ್ದೇನೆ' ಎನ್ನುತ್ತದೆ. ಈ ಗೊಂದಲವೇ ತಲೆಸುತ್ತು, ವಾಕರಿಕೆ. ಮೇಲೆ ಕೆಳಗೆ ಏರಿಳಿಯುವ ಚಲನೆಯನ್ನು ಒಳಕಿವಿಯ ಸೂಕ್ಷ್ಮ ಸುಣ್ಣದ ಹರಳುಗಳು ಗುರುತಿಸುತ್ತವೆ. ಸುಮಾರು 3ರಿಂದ 12 ವರ್ಷದ ಮಕ್ಕಳಿಗೆ ಈ ತೊಂದರೆ ಹೆಚ್ಚು.

ಮರದ ಹಳಿಯ ಗಾಡಿ

ಈ ಎಲ್ಲ ಚಲನೆಗಳೂ ಒಟ್ಟಿಗೆ ಬರುವ ಆಟವೆಂದರೆ ರೋಲರ್‌ ಕೋಸ್ಟರ್‌. ನ್ಯೂಯಾರ್ಕಿನ ಕೋನಿ ಐಲೆಂಡ್‌ನಲ್ಲಿ 1927ರಲ್ಲಿ ಆರಂಭವಾದ 'ಸೈಕ್ಲೋನ್‌' ಮರದ ಹಳಿಯದು. ಅದರ ಮೊದಲ ಇಳಿತವೇ ಸುಮಾರು 85 ಅಡಿ. ಮರದ ಹಳಿಯಲ್ಲಿ ಗಾಡಿ ಕುಲುಕುವುದು ಹೆಚ್ಚು. ಕುತ್ತಿಗೆ, ಬೆನ್ನಿಗೆ ಏಟು ಬೀಳುತ್ತದೆ. ಶಾಲಾ ಪ್ರವಾಸದ ಮಕ್ಕಳು ಹತ್ತುವ ಬಿಡದಿಯ ವಂಡರ್‌ಲಾದ (2005ರಲ್ಲಿ ಆರಂಭ) ಗಾಡಿಗಳು ಉಕ್ಕಿನ ಹಳಿಯವು. ಹಳಿ ಯಾವುದಾದರೂ ಎಚ್ಚರಿಕೆ ಒಂದೇ.

ಜರ್ಮನಿಯಲ್ಲಿ ಆರೋಗ್ಯವಂತರ ಮೇಲೆ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ಗಾಡಿ ಹತ್ತಿದವರ ಹೃದಯ ಬಡಿತ ನಿಮಿಷಕ್ಕೆ ಸುಮಾರು 90ರಿಂದ 150ರ ಮೇಲಕ್ಕೆ ಏರಿತ್ತು. ಗಟ್ಟಿ ಹೃದಯ ಇದನ್ನು ತಾಳಿಕೊಳ್ಳುತ್ತದೆ. ರೋಗಿಯ ಹೃದಯಕ್ಕೆ ಇದು ಅಪಾಯ.

ಯಾರು ಹತ್ತಬಾರದು?

ಗರ್ಭಿಣಿಯರು, ಹೃದಯರೋಗಿಗಳು, ಹತೋಟಿಯಲ್ಲಿಲ್ಲದ ರಕ್ತದೊತ್ತಡ ಉಳ್ಳವರು, ಮೂರ್ಛೆರೋಗಿಗಳು, ಕುತ್ತಿಗೆ-ಬೆನ್ನುನೋವಿನವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು.

ಉಳಿದವರು ಗಮನಿಸಬೇಕಾದದ್ದು

* ಊಟವಾದ ಕೂಡಲೇ ಹತ್ತಬೇಡಿ. ಖಾಲಿ ಹೊಟ್ಟೆಯೂ ಬೇಡ.
* ಸೆರಗು, ದುಪ್ಪಟ್ಟ, ಜಡೆಯನ್ನು ಬಿಗಿಯಾಗಿ ಕಟ್ಟಿಕೊಳ್ಳಿ. ಗಾಲಿಗೆ ಸಿಕ್ಕರೆ ಪ್ರಾಣಕ್ಕೇ ಕುತ್ತು.
* ತಡೆಪಟ್ಟಿ ಸರಿಯಾಗಿ ಬಿದ್ದಿದೆಯೇ ನೋಡಿ. ಗಾಡಿ ಪೂರ್ತಿ ನಿಲ್ಲುವವರೆಗೆ ಏಳಬೇಡಿ.
* ತಲೆಯನ್ನು ಆಸನಕ್ಕೆ ಒರಗಿಸಿ, ದೂರದ ಒಂದೇ ಗುರಿಯತ್ತ ದೃಷ್ಟಿ ನೆಡಿ.
* ಇಳಿದ ಮೇಲೆ ತಲೆಸುತ್ತಿದರೆ ನೆರಳಲ್ಲಿ ಕುಳಿತು ಗುಟುಕು ಗುಟುಕಾಗಿ ನೀರು ಕುಡಿಯಿರಿ.

ಸಾಮಾನ್ಯವಾಗಿ ತಲೆಸುತ್ತು ಸ್ವಲ್ಪ ಹೊತ್ತಿನಲ್ಲಿ ತಾನಾಗಿಯೇ ಇಳಿಯುತ್ತದೆ. ಎದೆನೋವು ಬಂದರೆ, ಪ್ರಜ್ಞೆ ತಪ್ಪಿದರೆ ತಡ ಮಾಡದೆ ಆಸ್ಪತ್ರೆಗೆ ಒಯ್ಯಿರಿ. ದಿನಗಳು ಕಳೆದರೂ ತಲೆನೋವು ಹೆಚ್ಚುತ್ತಲೇ ಇದ್ದರೆ ಅಲಕ್ಷಿಸಬೇಡಿ. ಕುಲುಕಾಟದಿಂದ ತಲೆಬುರುಡೆಯೊಳಗೆ ರಕ್ತ ಜಿನುಗಿದ ಪ್ರಸಂಗಗಳು ವಿರಳವಾದರೂ ವೈದ್ಯರ ಗಮನಕ್ಕೆ ಬಂದಿವೆ. ವೈದ್ಯರಿಗೆ ತೋರಿಸುವಾಗ ಇಂಥ ಆಟವಾಡಿದ್ದನ್ನೂ ಹೇಳಿ.

ಕೊನೆಯ ಮಾತು: 'ಒಲ್ಲೆ' ಎಂದ ಮಗುವನ್ನು ಬಲವಂತವಾಗಿ ಕೂರಿಸಬೇಡಿ. ಅದರ ಕಿವಿ ಹೇಳಿದ್ದನ್ನೇ ಅದು ಹೇಳುತ್ತಿರಬಹುದು.