ಹೊಸ ರೂಟರಿನ ತಪ್ಪು ಹೆಜ್ಜೆಗಳು

ಕಂಪ್ಯೂಟರಿನ ಆಜ್ಞೆಯಂತೆ ಮರವನ್ನೂ ಪ್ಲಾಸ್ಟಿಕ್ಕನ್ನೂ ಕೊರೆಯುವ ಸಣ್ಣ ಸಿ.ಎನ್.ಸಿ. ರೂಟರುಗಳು ಈಗ ಕಾಲೇಜುಗಳ ಕಾರ್ಯಾಗಾರಗಳಿಗೂ ಉತ್ಸಾಹಿಗಳ ಮನೆಗಳಿಗೂ ಬಂದಿವೆ. ಇವುಗಳಲ್ಲಿ ಅನೇಕವು ಬಿಡಿಭಾಗಗಳ ಪೆಟ್ಟಿಗೆಯಾಗಿ ಬರುವುವು, ಕೊಂಡವರೇ ಜೋಡಿಸಿಕೊಳ್ಳಬೇಕು. ಜೋಡಣೆ ಮುಗಿಸಿ ಮೊದಲ ಆಜ್ಞೆ ಕೊಟ್ಟೊಡನೆ ಯಂತ್ರವು ಹೇಳಿದಂತೆ ಚಲಿಸಿತೆಂದರೆ ಅದು ಅದೃಷ್ಟವೇ ಸರಿ. ಒಂದು ಅಕ್ಷ ಅಲುಗುವುದೇ ಇಲ್ಲ. ಇಲ್ಲವೆ ಎಡಕ್ಕೆಂದರೆ ಬಲಕ್ಕೆ ಹೊರಡುವುದು. ಇಲ್ಲವೆ 100 ಮಿಲಿಮೀಟರ್ ಎಂದರೆ 50ಕ್ಕೇ ನಿಂತುಬಿಡುವುದು. ಆಗ ಅನುಭವವಿಲ್ಲದವರು ಕೈಗೆ ಸಿಕ್ಕಿದ ತಿರುಪುಗಳನ್ನೆಲ್ಲ ತಿರುಗಿಸಿ, ಅಂಕಿಗಳನ್ನೆಲ್ಲ ಬದಲಾಯಿಸಿ, ಒಂದು ದೋಷವಿದ್ದಲ್ಲಿ ಮೂರನ್ನು ಮಾಡಿಕೊಳ್ಳುವುದುಂಟು. ಹಾಗೆ ಮಾಡದೆ ದೋಷದ ಜಾತಿಯನ್ನು ಅಳತೆಯಿಂದಲೇ ಗುರುತಿಸುವುದು ಹೇಗೆಂಬುದನ್ನು ನಾವಿಲ್ಲಿ ನೋಡೋಣ.

ಬಹಳವಾಗಿ ಬಳಕೆಯಲ್ಲಿರುವ ‘3018’ ಎಂಬ ಮಾದರಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಕೆಲಸಕ್ಕೆ ಒದಗುವ ಹರವು ಸುಮಾರು 30 ಸೆಂಟಿಮೀಟರ್ ಉದ್ದ, 18 ಸೆಂಟಿಮೀಟರ್ ಅಗಲ ಇರುವುದರಿಂದ ಇದಕ್ಕೆ ಆ ಹೆಸರು. ಕೊರೆಯುವ ಅಲಗನ್ನು ತಿರುಗಿಸುವ ಸ್ಪಿಂಡಲ್ ಎಡಬಲಕ್ಕೆ ಸರಿಯುವ ದಾರಿ ಎಕ್ಸ್ ಅಕ್ಷ. ಮರವನ್ನು ಹೊತ್ತ ಹಲಗೆ ಹಿಂದಕ್ಕೂ ಮುಂದಕ್ಕೂ ಸರಿಯುವ ದಾರಿ ವೈ ಅಕ್ಷ. ಸ್ಪಿಂಡಲ್ ಏರಿಳಿಯುವ ದಾರಿ ಜೆಡ್ ಅಕ್ಷ. ಒಂದೊಂದು ಅಕ್ಷಕ್ಕೂ ಒಂದು ಸ್ಟೆಪ್ಪರ್ ಮೋಟರು, ಕಪ್ಲಿಂಗಿನ ಮೂಲಕ ಅದಕ್ಕೆ ಬಿಗಿದ ಉದ್ದನೆಯ ಸ್ಕ್ರೂ, ಅದರ ಮೇಲೆ ಓಡುವ ಒಂದು ನಟ್ಟು—ಇಷ್ಟೇ ಇದರ ಅಂಗರಚನೆ.

ಸ್ಟೆಪ್ಪರ್ ಮೋಟರು ಫ್ಯಾನಿನ ಮೋಟರಿನಂತೆ ಒಂದೇ ಸಮನೆ ಸುತ್ತುವುದಲ್ಲ. ಅದು ಹೆಜ್ಜೆ ಇಡುವ ಮೋಟರು. ಒಂದು ಸುತ್ತಿಗೆ 200 ಹೆಜ್ಜೆ, ಎಂದರೆ ಹೆಜ್ಜೆಗೆ 1.8 ಡಿಗ್ರಿ. ಮೋಟರಿಗೆ ವಿದ್ಯುತ್ತನ್ನು ಹಂಚುವ ಡ್ರೈವರ್ ಎಂಬ ಸಾಧನವು ಈ ಒಂದೊಂದು ಹೆಜ್ಜೆಯನ್ನೂ 16 ಕಿರುಹೆಜ್ಜೆಗಳಾಗಿ ಒಡೆಯುವುದು. ಆದುದರಿಂದ ಒಂದು ಸುತ್ತಿಗೆ 3,200 ವಿದ್ಯುತ್ ಸ್ಪಂದಗಳು ಬೇಕು. ಸ್ಕ್ರೂ ಒಂದು ಸುತ್ತು ತಿರುಗಿದರೆ ನಟ್ಟು 4 ಮಿಲಿಮೀಟರ್ ಮುಂದುವರಿಯುವುದಾದರೆ, ಒಂದು ಮಿಲಿಮೀಟರಿಗೆ 800 ಸ್ಪಂದಗಳಾದುವಷ್ಟೆ. ಇಂಥ ಯಂತ್ರಗಳನ್ನು ಆಳುವ ‘ಗ್ರಬ್ಲ್’ ಎಂಬ ತಂತ್ರಾಂಶದ ಅಂಕಿಪಟ್ಟಿಯಲ್ಲಿ ಡಾಲರ್ ಚಿಹ್ನೆಯೊಡನೆ 100, 101, 102 ಎಂದು ಗುರುತಿಸಿದ ಸಾಲುಗಳು ಮೂರು ಅಕ್ಷಗಳ ಈ ಸಂಖ್ಯೆಯನ್ನೇ ಹೇಳುವುವು.

ಇಲ್ಲಿ ಮುಖ್ಯವಾದ ಮಾತೊಂದಿದೆ. ಯಂತ್ರವು ಸ್ಪಂದಗಳನ್ನು ಕಳುಹಿಸಿ ಎಣಿಸಿಕೊಳ್ಳುವುದೇ ಹೊರತು, ಅಲಗು ನಿಜವಾಗಿ ಎಲ್ಲಿಗೆ ಬಂದಿದೆ ಎಂದು ನೋಡುವುದಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಹುಡುಗನು “ನೂರು ಹೆಜ್ಜೆ ಇಟ್ಟೆ, ಬಾವಿಯ ಬಳಿ ಬಂದೆ” ಎಂದು ನಂಬುವಂತೆ ಇದರ ನಂಬಿಕೆ. ನಡುವೆ ಕಾಲು ಜಾರಿದ್ದು ಅದರ ಲೆಕ್ಕಕ್ಕೆ ಬಾರದು. 1952ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯವರು ತೋರಿಸಿದ, ರಂಧ್ರಪಟ್ಟಿಯಿಂದ ನಡೆಯುವ ಮಿಲ್ಲಿಂಗ್ ಯಂತ್ರದಲ್ಲಿ ಸ್ಥಾನವನ್ನು ಅಳೆದು ಹಿಂದಕ್ಕೆ ವರದಿ ಕಳುಹಿಸುವ ಏರ್ಪಾಡಿತ್ತು. ದುಬಾರಿಯಾದ ಆ ಏರ್ಪಾಡನ್ನು ಕೈಬಿಟ್ಟುದರಿಂದಲೇ ನಮ್ಮ ಮೇಜಿನ ಮೇಲಿನ ಯಂತ್ರ ಅಗ್ಗವಾಗಿದೆ. ನೋಡುವ ಕೆಲಸ ನಮ್ಮ ಪಾಲಿಗೆ ಬಂದಿದೆ.

ಪರೀಕ್ಷೆಗೆ ತೊಡಗುವ ಮುನ್ನ ಅಲಗನ್ನು ಕಳಚಿಡಬೇಕು; ವಿದ್ಯುತ್ ಆರಿಸುವ ಗುಂಡಿ ಕೈಗೆಟುಕುವಂತಿರಬೇಕು. ಡ್ರೈವರಿಗೆ ವಿದ್ಯುತ್ ಹರಿಯುತ್ತಿರುವಾಗ ಮೋಟರಿನ ತಂತಿಯನ್ನು ಎಂದಿಗೂ ಕೀಳಬಾರದು. ಆ ಕ್ಷಣದಲ್ಲಿ ಏಳುವ ವೋಲ್ಟೇಜು ಡ್ರೈವರನ್ನು ಸುಟ್ಟುಬಿಡಬಲ್ಲದು.

ಯಾವ ಅಕ್ಷವೂ ಚಲಿಸದಿದ್ದರೆ ಗಾಬರಿಪಡಬೇಕಾಗಿಲ್ಲ. ಬಹಳ ಸಲ ಕಂಪ್ಯೂಟರಿನ ಯು.ಎಸ್.ಬಿ. ತಂತಿಯೊಂದೇ ನಿಯಂತ್ರಕದ ಹಲಗೆಗೆ ಉಸಿರು ಕೊಡುತ್ತಿರುತ್ತದೆ. ಮೋಟರಿಗೆ ಬೇಕಾದ ಅಡಾಪ್ಟರಿನ ಗುಂಡಿಯನ್ನು ಒತ್ತಿರುವುದಿಲ್ಲ. ದೀಪ ಉರಿಯುವುದು, ತೆರೆಯ ಮೇಲೆ ಅಂಕಿಗಳು ಓಡುವುವು, ಯಂತ್ರ ಮಾತ್ರ ಕಲ್ಲಿನಂತೆ ನಿಂತಿರುವುದು. ಇನ್ನು, ತೊಡಗುವಾಗ ಮೂಲಸ್ಥಾನವನ್ನು ಹುಡುಕುವ ಏರ್ಪಾಡನ್ನು ಗ್ರಬ್ಲಿನಲ್ಲಿ ಹಚ್ಚಿಟ್ಟಿದ್ದರೆ, ಆ ಹುಡುಕಾಟ ಮುಗಿಯುವ ತನಕ ಅದು ಬೀಗ ಹಾಕಿಕೊಂಡು ಕುಳಿತಿರುವುದು. ಇದು ರೋಗವಲ್ಲ, ಎಚ್ಚರಿಕೆ.

ಒಂದೇ ಅಕ್ಷ ಮೊಂಡು ಹಿಡಿದರೆ ಅದಲುಬದಲಿನ ಉಪಾಯವನ್ನು ಮಾಡತಕ್ಕದ್ದು. ವಿದ್ಯುತ್ತನ್ನು ಆರಿಸಿ ಎಕ್ಸ್ ಮೋಟರಿನ ತಂತಿಯನ್ನು ವೈ ಅಕ್ಷದ ಕಿಂಡಿಗೂ, ವೈ ಮೋಟರಿನದನ್ನು ಎಕ್ಸ್ ಕಿಂಡಿಗೂ ಸಿಕ್ಕಿಸಿ ಮತ್ತೆ ಆಜ್ಞೆ ಕೊಡಬೇಕು. ದೋಷವು ಮೋಟರಿನ ಬೆನ್ನು ಹತ್ತಿ ಹೋದರೆ ಮೋಟರಿನಲ್ಲೋ ತಂತಿಯಲ್ಲೋ ಕೆಡುಕಿದೆ. ಕಿಂಡಿಯಲ್ಲೇ ಉಳಿದರೆ ಡ್ರೈವರನ್ನು ಶಂಕಿಸಬೇಕು. ಐದು ನಿಮಿಷದ ಈ ಪ್ರಯೋಗ ಅರ್ಧ ದಿನದ ಊಹೆಗಿಂತ ಮೇಲು. ಮೋಟರು ತಿರುಗದೆ ನಿಂತಲ್ಲೇ ಗುಂಯ್‌ಗುಟ್ಟುತ್ತ ನಡುಗಿದರೆ, ಅದರ ನಾಲ್ಕು ತಂತಿಗಳ ಜೋಡಿ ತಪ್ಪಿರುವ ಸಂಭವವೇ ಹೆಚ್ಚು. ಒಳಗೆ ಎರಡು ಸುರುಳಿಗಳಿವೆ. ಯಾವೆರಡು ತಂತಿಗಳು ಒಂದೇ ಸುರುಳಿಯವೆಂಬುದನ್ನು ಮಲ್ಟಿಮೀಟರ್ ಹೇಳುವುದು. ಮಲ್ಟಿಮೀಟರ್ ಇಲ್ಲದಿದ್ದರೆ, ಕಳಚಿದ ಮೋಟರಿನ ಎರಡು ತಂತಿಗಳ ತುದಿಗಳನ್ನು ಕೂಡಿಸಿ ದಂಡವನ್ನು ಬೆರಳಿನಿಂದ ತಿರುಗಿಸಿದರೆ ಸಾಕು: ಅವು ಒಂದೇ ಸುರುಳಿಯವಾದರೆ ದಂಡವು ತಡೆ ಒಡ್ಡುವುದು. ಲೆಂಜನ ನಿಯಮ ಓದಿದ ವಿದ್ಯಾರ್ಥಿಗಳಿಗೆ ಇದರ ಕಾರಣವನ್ನು ಹೇಳಬೇಕಾಗಿಲ್ಲ.

ದಿಕ್ಕು ತಿರುಗುಮುರುಗಾದರೆ ಕೆತ್ತಿದ ಅಕ್ಷರ ಕನ್ನಡಿಯೊಳಗಿನಂತೆ ಕಾಣುವುದು. ವಿದ್ಯುತ್ ಆರಿಸಿ ಒಂದು ಸುರುಳಿಯ ಎರಡು ತಂತಿಗಳನ್ನು ಅದಲುಬದಲು ಮಾಡಿದರೆ, ಅಥವಾ ತಂತ್ರಾಂಶದಲ್ಲಿ ದಿಕ್ಕನ್ನು ಬದಲಿಸಿದರೆ ಇದು ನೇರಾಗುವುದು. ಆದರೆ ವೈ ಅಕ್ಷದಲ್ಲಿ ಒಂದು ಮೋಸವಿದೆ. ಇಲ್ಲಿ ಚಲಿಸುವುದು ಹಲಗೆ, ಅಲಗಲ್ಲ. ಅಲಗು ಮರದ ಮೇಲೆ ಹಿಂದಕ್ಕೆ ಹೋದಂತಾಗಬೇಕಾದರೆ ಹಲಗೆ ನಮ್ಮ ಕಡೆಗೆ ಬರಬೇಕು. ಇದನ್ನು ಕಂಡು ತಪ್ಪೆಂದು ಬಗೆದು, ಸರಿಯಾಗಿದ್ದುದನ್ನು ಕೆಡಿಸಿಕೊಂಡವರು ಉಂಟು. ದೊಡ್ಡ ರೂಟರುಗಳಲ್ಲಿ ಕಮಾನಿನ ಎರಡು ಬದಿಗೂ ಒಂದೊಂದು ಮೋಟರಿರುವುದು. ಅವುಗಳಲ್ಲಿ ಒಂದು ಮಾತ್ರ ತಿರುಗುಮುರುಗಾದರೆ, ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳು ಒಂದು ಮುಂದಕ್ಕೆ ಒಂದು ಹಿಂದಕ್ಕೆ ಎಳೆದಂತಾಗಿ ಕಮಾನು ಓರೆಯಾಗಿ ಸಿಕ್ಕಿಕೊಳ್ಳುವುದು.

ಇನ್ನು ಅತ್ಯಂತ ಕಷ್ಟಕೊಡುವ ವಿಷಯಕ್ಕೆ ಬರೋಣ: ಯಂತ್ರ ಚಲಿಸುತ್ತದೆ, ದಿಕ್ಕೂ ಸರಿ, ಆದರೆ ಅಳತೆ ತಪ್ಪು. ಇಂಥಲ್ಲಿ ಒಂದೇ ಅಳತೆಯಿಂದ ಏನನ್ನೂ ತೀರ್ಮಾನಿಸಲಾಗದು. ಅಲಗಿನ ಸ್ಥಾನದಲ್ಲಿ ಚೂಪಾದ ಪೆನ್ಸಿಲ್ಲನ್ನು ಬಿಗಿದು ಹಲಗೆಗೆ ಕಾಗದವನ್ನು ಅಂಟಿಸಬೇಕು. ಮೊದಲು ಬಲಕ್ಕೆ 5 ಮಿಲಿಮೀಟರ್ ಸರಿಸಿ, ನಟ್ಟಿನ ಸಡಿಲವನ್ನು ಒಂದು ಪಕ್ಕಕ್ಕೆ ಒತ್ತಿಕೊಂಡು, ಒಂದು ಚುಕ್ಕೆ ಇಡಬೇಕು. ಅಲ್ಲಿಂದ ಅದೇ ದಿಕ್ಕಿನಲ್ಲಿ 20, 60, 100 ಮಿಲಿಮೀಟರುಗಳ ಗುರುತುಗಳನ್ನು ಮಾಡಿಸಿ, ಬಳಿಕ ಹಿಂದಿರುಗುತ್ತ ಅದೇ ಸ್ಥಾನಗಳಲ್ಲಿ ಮತ್ತೆ ಗುರುತು ಮಾಡಿಸಬೇಕು. ಸೂಕ್ಷ್ಮವಾದ ವ್ಯತ್ಯಾಸಗಳಿಗೆ ಡಯಲ್ ಗೇಜು ಇದ್ದರೆ ಉತ್ತಮ.

20ಕ್ಕೆ 10, 60ಕ್ಕೆ 30, 100ಕ್ಕೆ 50 ಬಂದರೆ ತಪ್ಪು ದೂರದೊಡನೆ ಸಮಪ್ರಮಾಣದಲ್ಲಿ ಬೆಳೆಯುತ್ತಿದೆ. ಇದು ಲೆಕ್ಕದ ತಪ್ಪು. ಡ್ರೈವರು ಹೆಜ್ಜೆಯನ್ನು 32 ಭಾಗ ಮಾಡುತ್ತಿದ್ದರೂ ತಂತ್ರಾಂಶವು 16 ಎಂದು ಎಣಿಸುತ್ತಿರಬಹುದು. ಇಲ್ಲವೆ ಸ್ಕ್ರೂವಿನ ಮುನ್ನಡೆ 4 ಅಲ್ಲ, 2 ಆಗಿರಬಹುದು. 800ನ್ನು 1,600 ಮಾಡಿದರೆ ಮುಗಿಯಿತು. ತಪ್ಪು 25.4 ಪಟ್ಟಿನದಾದರೆ ಕಡತವು ಅಂಗುಲದಲ್ಲಿದೆಯೋ ಮಿಲಿಮೀಟರಿನಲ್ಲಿದೆಯೋ ನೋಡಬೇಕು: ಆಜ್ಞಾಪಟ್ಟಿಯಲ್ಲಿ ಜಿ-20 ಎಂದರೆ ಅಂಗುಲ, ಜಿ-21 ಎಂದರೆ ಮಿಲಿಮೀಟರ್.

ಹೋಗುವಾಗ ಎಲ್ಲವೂ ಸರಿ, ಆದರೆ ಹಿಂದಿರುಗುವಾಗ ಎಲ್ಲ ಗುರುತುಗಳೂ ಒಂದೇ ಸಮನಾಗಿ, ಹೇಳೋಣ 0.3 ಮಿಲಿಮೀಟರ್, ಹಿಂದೆ ಬಿದ್ದರೆ ಅದು ಸಡಿಲದ ತಪ್ಪು. ಕಾರ್ಯಾಗಾರದವರು ‘ಪ್ಲೇ’ ಅಥವಾ ‘ಬ್ಯಾಕ್‌ಲ್ಯಾಶ್’ ಎನ್ನುವುದು ಇದನ್ನೇ. ದಿಕ್ಕು ತಿರುಗಿದಾಗ ಸ್ಕ್ರೂ ನಟ್ಟಿನ ಎದುರು ಗೋಡೆಯನ್ನು ಮುಟ್ಟುವವರೆಗೆ ಬರಿದೆ ಸುತ್ತುವುದು. ವೃತ್ತವನ್ನು ಬರೆಸಿದರೆ ಅದರ ನಾಲ್ಕು ತುದಿಗಳಲ್ಲಿ ಚಪ್ಪಟೆಯಾದ ತುಣುಕುಗಳು ಕಾಣುವುವು. ಎಡವುವುದು ಇಲ್ಲಿಯೇ. ಹಿಂದಿರುಗುವಾಗ 100ಕ್ಕೆ 99.7 ಬಂದುದನ್ನು ಕಂಡ ವಿದ್ಯಾರ್ಥಿ 800ನ್ನು 802.4 ಮಾಡುತ್ತಾನೆ. ಆ ಒಂದು ಅಳತೆ ಸರಿಯಾಗುವುದು ನಿಜ. ಆದರೆ ಈಗ 20 ಹಿಂದಿರುಗಿದರೆ 19.76 ಆಗುವುದು, ಒಂದೇ ದಿಕ್ಕಿನಲ್ಲಿ 200 ಹೋದರೆ 200.6 ಆಗುವುದು. ಕೆತ್ತಿದ ಎರಡು ತುಂಡುಗಳು ಒಂದಕ್ಕೊಂದು ಕೂಡಿಕೊಳ್ಳವು, ಕಾರಣವೂ ಹೊಳೆಯದು. ಸಡಿಲಕ್ಕೆ ಮದ್ದು ಅಂಕಿಯಲ್ಲಿಲ್ಲ, ನಟ್ಟಿನಲ್ಲಿದೆ: ನಡುವೆ ಸ್ಪ್ರಿಂಗನ್ನಿಟ್ಟು ಎರಡು ನಟ್ಟುಗಳನ್ನು ದೂರ ತಳ್ಳುವ ಜೋಡಿನಟ್ಟನ್ನು ಹಾಕುವುದು, ಬೇರಿಂಗಿನ ಬಳಿ ಸ್ಕ್ರೂ ಉದ್ದಕ್ಕೆ ಅಲುಗದಂತೆ ಬಿಗಿಯುವುದು.

ಮೂರನೆಯ ಜಾತಿಯೇ ಬೇರೆ. 20 ಸರಿ, 60 ಸರಿ, 100ಕ್ಕೆ ಇದ್ದಕ್ಕಿದ್ದಂತೆ 98.4, ಮತ್ತೊಮ್ಮೆ ಮಾಡಿದರೆ ಬೇರೆ ಅಂಕಿ. ಎಲ್ಲಿಯೋ ಕಾಲು ಜಾರಿದೆ. ಜಾರಿದ್ದು ಮೋಟರೋ ಕಪ್ಲಿಂಗೋ? ಮೋಟರಿನ ದಂಡ, ಕಪ್ಲಿಂಗು, ಸ್ಕ್ರೂ ಮೂರರ ಮೇಲೂ ಉದ್ದಕ್ಕೆ ಪೆನ್ನಿನಿಂದ ಒಂದೇ ಗೀಟು ಎಳೆದು ಯಂತ್ರವನ್ನು ಓಡಿಸಬೇಕು. ಗೀಟು ತುಂಡಾಗಿದ್ದರೆ ಕಪ್ಲಿಂಗಿನ ಸಣ್ಣ ತಿರುಪು ಸಡಿಲ. ಅಲೆನ್ ಕೀಲಿಯ ಒಂದು ತಿರುವಿನಿಂದ ಕಾಯಿಲೆ ವಾಸಿ. ಗೀಟು ನೆಟ್ಟಗಿದ್ದರೆ ಮೋಟರೇ ಹೆಜ್ಜೆ ತಪ್ಪಿದೆ. ಇಲ್ಲೊಂದು ಸ್ವಾರಸ್ಯವುಂಟು. ಸುರುಳಿಗಳ ವಿದ್ಯುತ್ ಕ್ರಮವು ನಾಲ್ಕು ಪೂರ್ಣ ಹೆಜ್ಜೆಗಳಿಗೊಮ್ಮೆ ಮರುಕಳಿಸುವುದರಿಂದ, ತಪ್ಪಿದ ಮೋಟರು ಮತ್ತೆ ಕಚ್ಚಿಕೊಳ್ಳುವುದು ನಾಲ್ಕು ನಾಲ್ಕು ಹೆಜ್ಜೆಗಳ ಅಂತರದಲ್ಲೇ. ನಮ್ಮ ಯಂತ್ರದಲ್ಲಿ ನಾಲ್ಕು ಹೆಜ್ಜೆಗೆ 0.08 ಮಿಲಿಮೀಟರ್. ಮೇಲಿನ 1.6 ಮಿಲಿಮೀಟರಿನ ನಷ್ಟವು ಅದರ ಸರಿಯಾದ 20 ಪಟ್ಟು! ಜಾರಿದ ಕಪ್ಲಿಂಗಿಗೆ ಇಂಥ ಶಿಸ್ತಿಲ್ಲ.

ಮೋಟರು ಹೆಜ್ಜೆ ತಪ್ಪುವುದು ಬಲ ಸಾಲದೆ. ವೇಗ ಹೆಚ್ಚಿದಷ್ಟೂ ಸುರುಳಿಯಲ್ಲಿ ವಿದ್ಯುತ್ ಪ್ರವಾಹ ಪೂರ್ತಿಯಾಗಿ ಏರಲು ಕಾಲಾವಕಾಶ ಸಾಲದು, ಬಲ ಕುಗ್ಗುವುದು. ಆದುದರಿಂದ ಗರಿಷ್ಠ ವೇಗವನ್ನು ಹೇಳುವ 110ರಿಂದ 112ರ ವರೆಗಿನ ಸಾಲುಗಳನ್ನೂ, ವೇಗವರ್ಧನೆಯನ್ನು ಹೇಳುವ 120ರಿಂದ 122ರ ವರೆಗಿನವನ್ನೂ ಅರ್ಧಕ್ಕಿಳಿಸಿ ನೋಡಬೇಕು. ದೋಷ ಮಾಯವಾದರೆ ಬಲದ ಕೊರತೆಯೇ ಕಾರಣ. ಡ್ರೈವರಿನ ಪ್ರವಾಹ ಕಡಮೆಯಿರಬಹುದು; ಅತಿಯಾದರೆ ಅದು ಕಾದು ನಡುನಡುವೆ ತಾನೇ ನಿಂತುಬಿಡುವುದೂ ಉಂಟು. ಆದರೆ ಇದಕ್ಕೆ ಕೈ ಹಾಕುವ ಮೊದಲು ವಿದ್ಯುತ್ತನ್ನು ಆರಿಸಿ ಸ್ಕ್ರೂವನ್ನು ಈ ತುದಿಯಿಂದ ಆ ತುದಿಗೆ ಕೈಯಿಂದಲೇ ನಿಧಾನವಾಗಿ ತಿರುಗಿಸಬೇಕು. ಎಲ್ಲಾದರೂ ಬಿಗಿ ತೋರಿದರೆ, ನಟ್ಟನ್ನು ಹಿಡಿದ ತಿರುಪುಗಳನ್ನು ಸಡಿಲಿಸಿ, ಪೀಠವನ್ನು ಮೋಟರಿನ ತುದಿಗೆ ತಂದು ಮತ್ತೆ ಬಿಗಿದರೆ ನಟ್ಟು ತನ್ನ ಜಾಗವನ್ನು ತಾನೇ ಕಂಡುಕೊಳ್ಳುವುದು. ಹೊಸ ಯಂತ್ರಗಳಲ್ಲಿ ಅರ್ಧಕ್ಕರ್ಧ ತೊಂದರೆ ಈ ಬಿಗಿಯಿಂದಲೇ ಎಂಬುದು ನಮ್ಮ ಅಭಿಪ್ರಾಯ. ಜೆಡ್ ಅಕ್ಷವನ್ನು ವಿಶೇಷವಾಗಿ ನೋಡಿಕೊಳ್ಳಬೇಕು: ಸ್ಪಿಂಡಲಿನ ಭಾರವನ್ನು ಮೇಲೆತ್ತುವಾಗ ಹೆಜ್ಜೆ ತಪ್ಪುವುದು, ಇಳಿಸುವಾಗ ತಪ್ಪದು, ಹೀಗಾಗಿ ಕೊರೆತ ಸುತ್ತಿನಿಂದ ಸುತ್ತಿಗೆ ಆಳವಾಗುತ್ತ ಹೋಗುವುದು.

ಎಲ್ಲ ಸರಿಪಡಿಸಿದ ಮೇಲೆ ಕಾಗದದ ಮೇಲೆ ಒಂದು ಚುಕ್ಕೆ ಇಟ್ಟು, ಪೆನ್ಸಿಲ್ಲನ್ನು ಎತ್ತಿ, ಮೂರು ಅಕ್ಷಗಳನ್ನೂ ಪೂರ್ಣ ವೇಗದಲ್ಲಿ ಐವತ್ತು ಸಲ ಅತ್ತಿತ್ತ ಓಡಿಸಿ, ಹೊರಟಲ್ಲಿಗೇ ಮರಳುವಂತೆ ಆಜ್ಞೆ ಕೊಡಬೇಕು. ಪೆನ್ಸಿಲ್ಲು ಹಳೆಯ ಚುಕ್ಕೆಯ ಮೇಲೆಯೇ ಇಳಿದರೆ ಅಲಗನ್ನು ಹಾಕಿ ಮರವನ್ನು ಬಿಗಿಯಬಹುದು.